ರಹೋವಾದ: ಪಾತ್ರದ ಹೆಸರಿನಲ್ಲಿ ಕಳಿಸುವ ಖಾಸಗಿ ಮೆಸೇಜು

🪷 *ನಮೋ ಬುದ್ಧಾಯ* 🪷
*ಇಂದಿನ ಧಮ್ಮ ಚಿಂತನೆ*
ಅಧ್ಯಯನ ಬಳಗ, ಅಮ್ಮಸಂದ್ರ



ಈ ವಾರ ನಾವು ಸಮ್ಮಾ ವಾಚಾ, ಅಂದರೆ ಸಮ್ಯಕ್ ಮಾತಿನ ಪಾಠ ಓದುತ್ತಿದ್ದೇವೆ. ಬಳಗದ ಕೆಲವು ತಾಯಂದಿರು ಒಂದು ಪ್ರಶ್ನೆ ಕಳಿಸಿದ್ದಾರೆ. ಮಕ್ಕಳು ಫೋನಿನಲ್ಲಿ ‘ರೋಲ್‌ಪ್ಲೇ’ ಗುಂಪುಗಳಿಗೆ ಸೇರಿದ್ದಾರೆ. ಅಲ್ಲಿ ಗುರುತು ಪರಿಚಯ ಇಲ್ಲದವರು ಪರ್ಸನಲ್ ಆಗಿ ಮೆಸೇಜು ಹಾಕುತ್ತಾರೆ, ನಮ್ಮ ಮಕ್ಕಳೂ ಬೇರೆಯವರಿಗೆ ಹಾಕುತ್ತಾರೆ. ಇದರ ಬಗ್ಗೆ ಧಮ್ಮದಲ್ಲಿ ಏನಾದರೂ ಹೇಳಿದೆಯೇ?

ಹೇಳಿದೆ. ಒಬ್ಬರಿಗೊಬ್ಬರು ಏಕಾಂತದಲ್ಲಿ ಆಡುವ ಮಾತಿಗೆ ಪಾಲಿಯಲ್ಲಿ ಬೇರೆ ಹೆಸರೇ ಇದೆ: *ರಹೋವಾದ*. ‘ರಹೋ’ ಅಂದರೆ ಗುಟ್ಟಾದ, ಬೇರೆಯವರ ಕಣ್ಣಿಗೆ ಬೀಳದ ಜಾಗ. ಭಗವಾನ್ ಬುದ್ಧರು ಈ ಮಾತಿಗೆ ಬೇರೆಯೇ ಅಳತೆ ಕೊಟ್ಟಿದ್ದಾರೆ. ಇವತ್ತು ಅದನ್ನು ನೋಡೋಣ.

*೧. ರೋಲ್‌ಪ್ಲೇ ಅಂದರೆ ಏನು?*

ಹಿರಿಯರು ಗಾಬರಿ ಆಗಬೇಕಿಲ್ಲ. ನಮ್ಮ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಕಡಿಮೆ. ಹಗಲು ತೋಟದಲ್ಲಿ ಕಾಯಿ ಸುಲಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ದುರ್ಯೋಧನ, ಕರ್ಣ, ಶಕುನಿ ಆಗುತ್ತಾರೆ. ಇದನ್ನೇ ಫೋನಿನಲ್ಲಿ ಬರೆದು ಆಡಿದರೆ ಅದು ರೋಲ್‌ಪ್ಲೇ. ಒಬ್ಬರು ರಾಜ, ಒಬ್ಬರು ಪತ್ತೇದಾರಿ, ಒಬ್ಬರು ಮಾಂತ್ರಿಕ. ತಮ್ಮ ಪಾತ್ರದ ಮಾತು ಮತ್ತು ನಡೆಯನ್ನು ಸರದಿಯ ಮೇಲೆ ಬರೆಯುತ್ತಾ ಹೋದಂತೆ ಕಥೆ ಬೆಳೆಯುತ್ತದೆ. ಪಾತ್ರವಾಗಿ ಬರೆಯುವುದಕ್ಕೆ ‘ಐಸಿ’ ಅನ್ನುತ್ತಾರೆ, ಪಾತ್ರ ಬಿಟ್ಟು ಸ್ವಂತ ಮಾತು ಬರೆಯುವುದಕ್ಕೆ ‘ಓಓಸಿ’ ಅನ್ನುತ್ತಾರೆ. ಸ್ವಂತ ಮಾತನ್ನು ಜೋಡಿ ಆವರಣ ಚಿಹ್ನೆಯೊಳಗೆ ಹಾಕುವ ರೂಢಿಯೂ ಇದೆ. ಕಂಪ್ಯೂಟರಿನಲ್ಲಿ ಹೀಗೆ ಬರೆದು ಆಡುವುದು ಇವತ್ತು ನಿನ್ನೆಯದಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು 1978ರಲ್ಲೇ ಇಂಥ ಆಟ ಶುರುಮಾಡಿದ್ದರು.

ಆಟದಲ್ಲಿ ತಪ್ಪಿಲ್ಲ. ಭಾಷೆ ಬೆಳೆಯುತ್ತದೆ, ಕಲ್ಪನೆ ಬೆಳೆಯುತ್ತದೆ, ಸಂಕೋಚದ ಮಕ್ಕಳಿಗೆ ಗೆಳೆಯರು ಸಿಗುತ್ತಾರೆ. ಕಷ್ಟ ಶುರುವಾಗುವುದು ಗುಂಪಿನಿಂದ ಒಬ್ಬರನ್ನೇ ಹುಡುಕಿಕೊಂಡು ಇನ್‌ಬಾಕ್ಸಿಗೆ ಹೋದಾಗ.

ನಮ್ಮ ನಾಟಕದಲ್ಲಿ ಇದನ್ನು ಎಲ್ಲರೂ ಬಲ್ಲರು. ಭೀಮ ಮತ್ತು ದುರ್ಯೋಧನ ರಂಗದ ಮೇಲೆ ಹಲ್ಲು ಕಡಿದು ಬೈದಾಡಿ, ಬೆಳಗ್ಗೆ ಒಂದೇ ಹೋಟೆಲಿನಲ್ಲಿ ಟೀ ಕುಡಿಯುತ್ತಾರೆ. ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬಂದಿರುತ್ತಾರೆ. ರಂಗದ ಮೇಲೆ ಅವರು ಅರ್ಜುನನಿಗೆ ಹೆಂಡತಿ. ಆಟ ಮುಗಿದ ಮೇಲೆ ಆ ಅರ್ಜುನ ಬಣ್ಣದ ಮನೆಯ ಪರದೆ ಸರಿಸಿ ಅದೇ ಸಲುಗೆಯಲ್ಲಿ ಮಾತಾಡಲು ಹೋದರೆ ಊರಿನ ಹಿರಿಯರು ಸುಮ್ಮನಿರುವುದಿಲ್ಲ. *ಗುಂಪು ಅಂದರೆ ರಂಗ, ಇನ್‌ಬಾಕ್ಸ್ ಅಂದರೆ ಬಣ್ಣದ ಮನೆ.* ಫೋನಿನಲ್ಲಿ ಪರದೆ ಕಾಣುವುದಿಲ್ಲ, ಕಾಯುವ ಹಿರಿಯರೂ ಇಲ್ಲ. ಅದಕ್ಕೇ ಶೀಲ ಬೇಕು.

*೨. ತಾಲಪುಟ ಕೇಳಿದ್ದು*

ಸಂಯುತ್ತ ನಿಕಾಯದಲ್ಲಿ ತಾಲಪುಟ ಎಂಬ ನಾಟಕ ಮಂಡಳಿಯ ಯಜಮಾನ ಬರುತ್ತಾನೆ. ರಾಜಗೃಹದ ವೇಳುವನದಲ್ಲಿ ಬುದ್ಧರನ್ನು ಕಂಡು ಒಂದು ಪ್ರಶ್ನೆ ಇಡುತ್ತಾನೆ. ರಂಗದ ಮೇಲೆ ನಿಜವನ್ನೂ ಸುಳ್ಳನ್ನೂ ಆಡಿ ಜನರನ್ನು ನಗಿಸಿದ ನಟ ಸತ್ತ ಮೇಲೆ ನಗುವ ದೇವತೆಗಳ ನಡುವೆ ಹುಟ್ಟುತ್ತಾನಂತೆ, ಇದು ನಿಜವೇ? ಬುದ್ಧರು ಇದನ್ನು ಕೇಳಬೇಡ ಎಂದು ತಡೆಯುತ್ತಾರೆ. ಅವನು ಬಿಡದೆ ಮೂರನೇ ಸಲ ಕೇಳಿದಾಗ ಉತ್ತರ ಕೊಡುತ್ತಾರೆ. ನೋಡುವ ಜನ ಮೊದಲೇ ರಾಗ, ದ್ವೇಷ, ಮೋಹಗಳಿಂದ ಬಿಡುಗಡೆಯಾದವರಲ್ಲ. ಅವನ್ನೇ ಇನ್ನಷ್ಟು ಕೆರಳಿಸುವುದನ್ನು ನಟ ಅವರ ಮುಂದೆ ಇಡುತ್ತಾನೆ. ತಾನೂ ಮೈಮರೆಯುತ್ತಾನೆ, ಅವರನ್ನೂ ಮೈಮರೆಸುತ್ತಾನೆ. ತಾಲಪುಟ ಅತ್ತುಬಿಡುತ್ತಾನೆ. ತನಗೆ ಬಂದ ಉತ್ತರಕ್ಕಾಗಿ ಅಲ್ಲ, ಹಿಂದಿನ ಗುರುಗಳು ಇಷ್ಟು ಕಾಲ ತನ್ನನ್ನು ನಂಬಿಸಿದ್ದರಲ್ಲ ಎಂದು. ಮುಂದೆ ಅವನು ಭಿಕ್ಷುವಾಗಿ ಅರಹಂತನಾದ. ಥೇರಗಾಥೆಯಲ್ಲಿ ಅವನ ದೀರ್ಘವಾದ ಗಾಥೆಗಳಿವೆ.

ಇಲ್ಲಿ ನಾವು ಗಮನಿಸಬೇಕಾದದ್ದು ಇಷ್ಟು. ಬುದ್ಧರು ತೂಗಿ ನೋಡಿದ್ದು ವೇಷವನ್ನಲ್ಲ. ವೇಷದ ಒಳಗಿನವನ ಮನಸ್ಸಿನಲ್ಲಿ ಏನು ಏಳುತ್ತದೆ, ಎದುರಿನವರ ಮನಸ್ಸಿನಲ್ಲಿ ಅದು ಏನನ್ನು ಎಬ್ಬಿಸುತ್ತದೆ ಎಂಬುದನ್ನು. ಅಂಗುತ್ತರ ನಿಕಾಯದಲ್ಲಿ ಅವರು ಚೇತನವನ್ನೇ, ಅಂದರೆ ಉದ್ದೇಶವನ್ನೇ ಕಮ್ಮ ಎಂದು ಕರೆದಿದ್ದಾರೆ. ಹಾಗಾಗಿ ‘ಅದು ನನ್ನ ಪಾತ್ರ ಹೇಳಿದ್ದು, ನಾನಲ್ಲ’ ಎಂಬ ಮಾತು ಧಮ್ಮದ ಲೆಕ್ಕದಲ್ಲಿ ನಿಲ್ಲುವುದಿಲ್ಲ. *ವೇಷ ಪಾತ್ರದ್ದು, ಚೇತನ ನಮ್ಮದು.*

*೩. ಬರೀ ಅಕ್ಷರ ತಾನೇ, ಯಾರಿಗೇನು ನೋವು?*

ಅಮೆರಿಕದಲ್ಲಿ ‘ಲ್ಯಾಂಬ್ಡಾಮೂ’ ಎಂಬ ಒಂದು ಅಕ್ಷರ ಲೋಕವಿತ್ತು. ಚಿತ್ರವಿಲ್ಲ, ದನಿಯಿಲ್ಲ, ಎಲ್ಲ ಬರವಣಿಗೆ. 1993ರಲ್ಲಿ ‘ಮಿಸ್ಟರ್ ಬಂಗಲ್’ ಎಂಬ ಪಾತ್ರದ ಹೆಸರಿನಲ್ಲಿ ಬಂದವನು ಒಂದು ಕಂಪ್ಯೂಟರ್ ತಂತ್ರ ಬಳಸಿ, ಬೇರೆಯವರ ಪಾತ್ರಗಳು ಅವರ ಒಪ್ಪಿಗೆಯಿಲ್ಲದೆ ಅಸಹ್ಯವಾದ ಕೆಲಸಗಳನ್ನು ಮಾಡುತ್ತಿರುವಂತೆ ಎಲ್ಲರೆದುರು ಬರೆದ. ಯಾರ ಮೈಯನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ಆ ಪಾತ್ರಗಳಲ್ಲಿ ಒಂದನ್ನು ಆಡುತ್ತಿದ್ದ ಸಿಯಾಟಲ್ ನಗರದ ಹೆಣ್ಣುಮಗಳು ಅದರ ಬಗ್ಗೆ ದೂರು ಬರೆಯುವಾಗ ಕಣ್ಣೀರು ಹಾಕುತ್ತಿದ್ದರು. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತರು ಅದೇ ವರ್ಷ ಡಿಸೆಂಬರಿನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಲೋಕದ ಗಮನ ಇತ್ತ ಹರಿಯಿತು.

ಪಾತ್ರ ಕಾಲ್ಪನಿಕ. ಅದನ್ನು ಕೈಯಲ್ಲಿ ಹಿಡಿದು ಕೂತವರು ಮಾತ್ರ ನಿಜ. ಇನ್ನೊಬ್ಬರ ಪಾತ್ರ ಏನು ಮಾಡಿತು, ಏನು ಅನುಭವಿಸಿತು ಎಂದು ಅವರನ್ನು ಕೇಳದೆ ನಾವೇ ಬರೆಯಬಾರದು ಎಂಬ ನಿಯಮ ಇವತ್ತು ಒಳ್ಳೆಯ ಗುಂಪುಗಳಲ್ಲೆಲ್ಲ ಇದೆ. ಗುಂಪಿನಲ್ಲಿ ಹತ್ತು ಜನ ನೋಡುವಾಗಲೇ ಇಂಥ ನೋವು ಆಗುವುದಾದರೆ ಇನ್‌ಬಾಕ್ಸಿನಲ್ಲಿ ಎಷ್ಟು ಎಚ್ಚರ ಬೇಕು!

*೪. ರಹೋವಾದದ ಮೂರು ಜರಡಿ*

ಈಗ ಇವತ್ತಿನ ಮುಖ್ಯ ಪಾಠ. ಮಜ್ಝಿಮ ನಿಕಾಯದ 139ನೆಯದು ಅರಣವಿಭಂಗ ಸುತ್ತ. ಶ್ರಾವಸ್ತಿಯ ಜೇತವನದಲ್ಲಿ ಹೇಳಿದ್ದು. ‘ಅರಣ’ ಅಂದರೆ ಕಲಹವಿಲ್ಲದ ಸ್ಥಿತಿ. ಜಗಳ ಎಲ್ಲಿಂದ ಹುಟ್ಟುತ್ತದೆ, ಎಲ್ಲಿಂದ ಹುಟ್ಟುವುದಿಲ್ಲ ಎಂದು ಒಂದೊಂದಾಗಿ ಬಿಡಿಸುವ ಸುತ್ತ ಇದು. ಅದರಲ್ಲಿ ರಹೋವಾದವೂ ಒಂದು. ಬುದ್ಧರು ಏಕಾಂತದ ಮಾತನ್ನು ಮೂರು ಜರಡಿಯಲ್ಲಿ ಸೋಸುತ್ತಾರೆ:

🔸 ಸತ್ಯವಲ್ಲ, ಪ್ರಯೋಜನವೂ ಇಲ್ಲ: ಯಾವ ಕಾರಣಕ್ಕೂ ಆಡಬಾರದು.
🔸 ಸತ್ಯ ಹೌದು, ಆದರೆ ಪ್ರಯೋಜನವಿಲ್ಲ: ಆಡದೇ ಇರುವುದನ್ನು ಕಲಿಯಬೇಕು.
🔸 ಸತ್ಯವೂ ಹೌದು, ಪ್ರಯೋಜನವೂ ಉಂಟು: ಆಗಲೂ ಆಡುವ ಸಮಯ ತಿಳಿದಿರಬೇಕು.

ಎರಡನೇ ಜರಡಿಯಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನ ಖಾಸಗಿ ಮೆಸೇಜು ಸಿಕ್ಕಿಕೊಳ್ಳುವುದು ಇಲ್ಲೇ. ‘ನಿಮ್ಮ ಪಾತ್ರ ಬರೆಯುವ ಹುಡುಗಿ ಆ ಗುಂಪಿನಲ್ಲೂ ಹೀಗೇ ಮಾಡಿದ್ದಳಂತೆ.’ ‘ಅವನು ನಿಮ್ಮ ಕಥೆ ಬೋರ್ ಅಂದ.’ ಇದು ನಿಜವೇ ಇರಬಹುದು. ಹೇಳಿದ್ದರಿಂದ ಯಾರಿಗೆ ಏನು ಒಳ್ಳೆಯದಾಯಿತು? ಕೇಳಿದವರ ಮನಸ್ಸು ಕೆಟ್ಟಿತು, ಹೇಳಿದವರಿಗೆ ಒಂದು ಗಳಿಗೆ ಆಪ್ತರಾದ ಸುಖ ಸಿಕ್ಕಿತು, ಅಷ್ಟೆ. ಸುಳ್ಳು ಹೇಳಬಾರದು ಎಂಬುದು ನಮಗೆಲ್ಲ ಗೊತ್ತು. ನಿಜವನ್ನೂ ಹೇಳದೆ ಬಿಡುವುದು ಒಂದು ಶಿಕ್ಷಣ ಎಂದು ಈ ಸುತ್ತ ಕಲಿಸುತ್ತದೆ.

ಮೂರನೆಯದು ಸಮಯ. ಒಬ್ಬರ ಬರವಣಿಗೆಯಲ್ಲಿ ಒಂದು ತಪ್ಪಿದೆ, ಗುಂಪಿನಲ್ಲಿ ಹೇಳಿದರೆ ಅವಮಾನ, ಖಾಸಗಿಯಾಗಿ ಹೇಳುವುದೇ ಸರಿ. ಹಾಗಂತ ರಾತ್ರಿ ಹನ್ನೆರಡು ಗಂಟೆಗೆ ಹೇಳಬೇಕಿಲ್ಲ. ನೀಲಿ ಗೆರೆ ಬಿದ್ದರೂ ಉತ್ತರ ಬರಲಿಲ್ಲವೆಂದು ಹತ್ತು ಪ್ರಶ್ನಾರ್ಥಕ ಚಿಹ್ನೆ ಕಳಿಸಬೇಕಿಲ್ಲ. ಅದೇ ಸುತ್ತದಲ್ಲಿ ಅವಸರದ ಮಾತಿನ ಬಗ್ಗೆಯೂ ಇದೆ. ಅವಸರದಲ್ಲಿ ಆಡಿದರೆ ಮೈ ದಣಿಯುತ್ತದೆ, ಮನಸ್ಸು ಕಲಕುತ್ತದೆ, ಗಂಟಲು ನೋಯುತ್ತದೆ, ಮಾತೂ ಸ್ಪಷ್ಟವಾಗುವುದಿಲ್ಲ ಎನ್ನುತ್ತಾರೆ ಬುದ್ಧರು. ಅಟ್ಟದ ಮೇಲೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಬೇಕು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಡುವೆ ಒಡೆದರೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ. ಪರಿಚಯವೂ ಹಾಗೆಯೇ ಬಲಿಯಬೇಕು.

*೫. ಮೊದಲು ಅವಕಾಶ ಕೇಳು*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಕ್ರಮವಿದೆ. ಒಬ್ಬ ಭಿಕ್ಷುವಿಗೆ ಅವನ ತಪ್ಪು ತೋರಿಸಬೇಕೆಂದರೆ ಮೊದಲು ಅವನ ಹತ್ತಿರ ಅವಕಾಶ ಕೇಳಬೇಕು. ಇದಕ್ಕೆ ‘ಓಕಾಸ’ ಅನ್ನುತ್ತಾರೆ. ಅಷ್ಟೇ ಅಲ್ಲ, ಅವಕಾಶ ಕೊಡುವವನು ಕೇಳುವವನು ಎಂಥವನೆಂದು ತೂಗಿ ನೋಡಿ ಕೊಡಬಹುದು. ಅಂದರೆ ಕೇಳುವುದು ಒಬ್ಬರ ಕರ್ತವ್ಯ, ‘ಬೇಡ’ ಎನ್ನುವುದು ಇನ್ನೊಬ್ಬರ ಹಕ್ಕು. ಎರಡೂವರೆ ಸಾವಿರ ವರ್ಷದ ಹಿಂದಿನ ಈ ಕ್ರಮವನ್ನು ಇನ್‌ಬಾಕ್ಸಿಗೆ ಹಾಗೆಯೇ ತರಬಹುದು.

ಮೊದಲ ಮೆಸೇಜು ಹೀಗಿರಲಿ: ‘ನಮಸ್ಕಾರ. ನಾನು ಗುಂಪಿನಲ್ಲಿ ಸೇನಾಪತಿ ಪಾತ್ರ ಬರೆಯುವವನು. ಕಥೆಯ ಮುಂದಿನ ಭಾಗದ ಬಗ್ಗೆ ಒಂದು ಮಾತು ಕೇಳಬೇಕಿತ್ತು. ಇಲ್ಲಿ ಕೇಳಬಹುದಾ, ಗುಂಪಿನಲ್ಲೇ ಕೇಳಲಾ? ಬಿಡುವಾದಾಗ ತಿಳಿಸಿ. ಬೇಡ ಅಂದರೂ ಪರವಾಗಿಲ್ಲ.’

ಇದರಲ್ಲಿ ನಾಲ್ಕು ವಿಷಯ ಇವೆ. ಯಾರು ಎಂದು ಹೇಳಿದೆ. ಯಾಕೆ ಎಂದು ಹೇಳಿದೆ. ಬಾಗಿಲು ತಟ್ಟಿದೆ. ಬಾಗಿಲು ತೆರೆಯದಿದ್ದರೂ ಬೇಸರವಿಲ್ಲ ಎಂದು ತಿಳಿಸಿದೆ. ಬರೀ ‘ಹಾಯ್’ ‘ಹಾಯ್’ ‘ಯಾಕೆ ರಿಪ್ಲೈ ಇಲ್ಲ’ ಎಂಬುದರಲ್ಲಿ ಈ ನಾಲ್ಕೂ ಇಲ್ಲ.

ಕನ್ನಡದವರು ಇನ್ನೊಂದು ಗಮನಿಸಬೇಕು. ಪಾತ್ರದಲ್ಲಿ ರಾಣಿಗೆ ಸೇನಾಪತಿ ‘ನೀನು’ ಅನ್ನಬಹುದು, ಕಥೆಯಲ್ಲಿ ಇಬ್ಬರೂ ಪ್ರೇಮಿಗಳಿರಬಹುದು. ಇನ್‌ಬಾಕ್ಸಿಗೆ ಬಂದಾಗ *‘ನೀವು’* ಎಂದೇ ಶುರುವಾಗಬೇಕು. ಕಥೆಯೊಳಗಿನ ಪ್ರೀತಿಗೆ ಒಪ್ಪಿದವರು ಕಥೆಯ ಹೊರಗೆ ಏನಕ್ಕೂ ಒಪ್ಪಿಲ್ಲ. ಫೋಟೋ, ನಂಬರ್, ಊರು, ಕಾಲೇಜು ಕೇಳುವುದು ಕಥೆಯ ಭಾಗವಲ್ಲ.

ಉತ್ತರ ಬಾರದಿದ್ದರೆ ಅದೂ ಉತ್ತರವೇ. ‘ಬೇಡ’ ಅಂದ ಮೇಲೆ ಇನ್ನೊಂದು ಹೆಸರಿನಿಂದ, ಇನ್ನೊಂದು ಪಾತ್ರದಿಂದ ಬರುವುದು ಶೀಲಕ್ಕೂ ವಿರುದ್ಧ, ಕಾನೂನಿಗೂ ವಿರುದ್ಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಹೆಣ್ಣುಮಗಳು ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸಿದರೆ ಅದು ಅಪರಾಧ. ನಮ್ಮ ಗಂಡುಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳೋಣ.

*೬. ಪಾತ್ರ ಸುಳ್ಳೇ?*

‘ಬೇರೆ ಹೆಸರಿಟ್ಟುಕೊಂಡು ಆಡುವುದೇ ಮುಸಾವಾದ ಅಲ್ಲವೇ’ ಎಂದು ಕೆಲವರು ಕೇಳಬಹುದು. ಅಲ್ಲ. ಎಲ್ಲರಿಗೂ ಅದು ವೇಷ ಎಂದು ಗೊತ್ತಿರುವಾಗ ಯಾರಿಗೂ ಮೋಸವಾಗಿಲ್ಲ. ಆದರೆ ಇನ್‌ಬಾಕ್ಸಿನಲ್ಲಿ ‘ನಿಜವಾಗಿ ನಿಮಗೆಷ್ಟು ವಯಸ್ಸು’ ಎಂದು ಕೇಳಿದಾಗ ಮೂವತ್ತು ವರ್ಷದವನು ಹದಿನೇಳು ಅಂದರೆ ಅದು ಪಾತ್ರವಲ್ಲ, ಶುದ್ಧ ಸುಳ್ಳು. ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿ ಬುದ್ಧರು ರಾಹುಲನಿಗೆ ನೀರಿನ ಪಾತ್ರೆ ತೋರಿಸಿ ಪಾಠ ಹೇಳುತ್ತಾರೆ. ಪಾತ್ರೆಯಲ್ಲಿ ಸ್ವಲ್ಪವೇ ನೀರು ಉಳಿಸಿ ತೋರಿಸುತ್ತಾರೆ, ಅದನ್ನೂ ಚೆಲ್ಲುತ್ತಾರೆ, ಪಾತ್ರೆಯನ್ನು ಕವುಚಿಡುತ್ತಾರೆ. ಗೊತ್ತಿದ್ದೂ ನಾಚಿಕೆಯಿಲ್ಲದೆ ಸುಳ್ಳಾಡುವವನ ಶ್ರಮಣತನ ಅಷ್ಟೇ ಬರಿದು. ತಮಾಷೆಗೂ ಸುಳ್ಳಾಡಬಾರದು ಎಂಬ ಶಿಕ್ಷಣವನ್ನು ಮಗನಿಗೆ ಕೊಟ್ಟದ್ದು ಅಲ್ಲೇ.

ತಂದೆತಾಯಂದಿರಿಗೆ ಒಂದು ಮಾತು. ದೊಡ್ಡವರು ಮಕ್ಕಳಿಗೆ ‘ಇದು ನಮ್ಮಿಬ್ಬರ ಗುಟ್ಟು, ಮನೆಯಲ್ಲಿ ಹೇಳಬೇಡ’ ಎಂದು ಬರೆದರೆ ಅದು ಆಟವಲ್ಲ, ಬಲೆ. ಆ ಮೆಸೇಜು ತೋರಿಸಿದ ಮಗುವನ್ನು ಬೈಯಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಮುಂದಿನ ಸಲ ಮಗು ತೋರಿಸುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಪೊಲೀಸ್ ಠಾಣೆಯಲ್ಲೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಕೊಡಬಹುದು.

*೭. ಸ್ಕ್ರೀನ್‌ಶಾಟ್: ಎಲ್ಲಿ ತೋರಿಸಬೇಕು, ಎಲ್ಲಿ ತೋರಿಸಬಾರದು?*

ಇದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಖಾಸಗಿ ಮಾತನ್ನು ಹೊರಗೆ ತೋರಿಸುವುದು ನಂಬಿಕೆ ದ್ರೋಹ. ಸಿಗಾಲೋವಾದ ಸುತ್ತದಲ್ಲಿ ಗೆಳೆಯನ ಗುಟ್ಟು ಕಾಯುವುದನ್ನು ಒಳ್ಳೆಯ ಮಿತ್ರನ ಲಕ್ಷಣವೆಂದೇ ಹೇಳಿದೆ. ಆದರೆ ಆ ಖಾಸಗಿ ಮಾತೇ ಬೆದರಿಕೆಯಾಗಿದ್ದರೆ, ಅಸಹ್ಯವಾಗಿದ್ದರೆ? ಆಗಲೂ ಕಾಯಬೇಕೇ?

ಭಿಕ್ಷುಗಳ ಪಾಚಿತ್ತಿಯ ನಿಯಮಗಳಲ್ಲಿ ಎರಡನ್ನು ಜೊತೆಗಿಟ್ಟು ಓದಿದರೆ ದಾರಿ ಕಾಣುತ್ತದೆ. 9ನೇ ನಿಯಮ: ಒಬ್ಬ ಭಿಕ್ಷುವಿನ ಗಂಭೀರ ತಪ್ಪನ್ನು ಸಂಘದ ಒಪ್ಪಿಗೆಯಿಲ್ಲದೆ ಉಪಸಂಪದೆಯಾಗದ ಹೊರಗಿನವರಿಗೆ ಹೇಳಿದರೆ ದೋಷ. 64ನೇ ನಿಯಮ: ಇನ್ನೊಬ್ಬ ಭಿಕ್ಷುವಿನ ಗಂಭೀರ ತಪ್ಪನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಅದೂ ದೋಷ.

ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ ಅನ್ನಿಸುತ್ತವೆ. ವಿರುದ್ಧವಿಲ್ಲ. *ಸರಿಪಡಿಸುವ ಹೊಣೆ ಇರುವವರ ಮುಂದೆ ಮುಚ್ಚಿಡಬೇಡ, ಹೊಣೆ ಇಲ್ಲದವರ ಮುಂದೆ ಹರಡಬೇಡ.* ಹೀಗಾಗಿ ಕೆಟ್ಟ ಮೆಸೇಜು ಬಂದರೆ ಅದರ ಸ್ಕ್ರೀನ್‌ಶಾಟನ್ನು ಗುಂಪಿನ ಅಡ್ಮಿನ್‌ಗೆ, ಮನೆಯ ಹಿರಿಯರಿಗೆ, ಬೇಕಾದರೆ ಪೊಲೀಸರಿಗೆ ತೋರಿಸುವುದು ಚಾಡಿಯಲ್ಲ, ಕರ್ತವ್ಯ. ಅದೇ ಸ್ಕ್ರೀನ್‌ಶಾಟನ್ನು ಸ್ಟೇಟಸ್‌ಗೆ ಹಾಕಿ ನಾಲ್ಕು ಗುಂಪಿಗೆ ಫಾರ್ವರ್ಡ್ ಮಾಡಿ ನಗುವುದು ಪಿಸುಣಾ ವಾಚಾ, ಮನಸ್ಸು ಮುರಿಯುವ ಮಾತು. ಒಬ್ಬರು ನಂಬಿಕೆಯಿಂದ ತಮ್ಮ ದುಃಖ ಬರೆದಿದ್ದರೆ ಅದನ್ನು ಕಾಯಬೇಕು. ಅವರ ಜೀವಕ್ಕೇ ಅಪಾಯವಿದೆ ಅನ್ನಿಸಿದರೆ ಮಾತ್ರ, ನೆರವಾಗಬಲ್ಲ ಒಬ್ಬರಿಗೆ ತಿಳಿಸಲೇಬೇಕು.

*೮. ಯಾರೂ ನೋಡದ ಜಾಗ*

ಕನಕದಾಸರ ಬಾಳೆಹಣ್ಣಿನ ಕಥೆ ನಮಗೆಲ್ಲ ಗೊತ್ತು. ಯಾರೂ ನೋಡದ ಕಡೆ ತಿಂದು ಬನ್ನಿ ಎಂದು ಗುರುಗಳು ಶಿಷ್ಯರಿಗೆ ಹಣ್ಣು ಕೊಡುತ್ತಾರೆ. ಎಲ್ಲರೂ ತಿಂದು ಬಂದರೆ ಕನಕರು ಮಾತ್ರ ಹಣ್ಣನ್ನು ವಾಪಸು ತರುತ್ತಾರೆ. ದೇವರು ಇಲ್ಲದ ಜಾಗವೇ ಸಿಗಲಿಲ್ಲ ಎನ್ನುತ್ತಾರೆ.

ಜಾತಕದಲ್ಲೂ ಇಂಥದೊಂದು ಕಥೆಯಿದೆ, 305ನೆಯದು, ಸೀಲವೀಮಂಸನ ಜಾತಕ. ವಾರಾಣಸಿಯ ಒಬ್ಬ ಗುರು ಮಗಳ ಮದುವೆಗೆ ಬಟ್ಟೆ ಒಡವೆ ಬೇಕು, ಯಾರೂ ನೋಡದಂತೆ ಮನೆಗಳಿಂದ ಕದ್ದು ತನ್ನಿ ಎಂದು ಶಿಷ್ಯರ ಶೀಲ ಪರೀಕ್ಷಿಸುತ್ತಾನೆ. ಎಲ್ಲರೂ ತಂದರೂ ಬೋಧಿಸತ್ವ ಬರಿಗೈಲಿ ಬರುತ್ತಾನೆ. ಯಾಕೆ ಎಂದರೆ, ಯಾರೂ ನೋಡದ ಜಾಗ ಎಂಬುದೇ ಇಲ್ಲ, ಬೇರೆ ಯಾರೂ ಇಲ್ಲದ ಕಡೆ *ನಾನೇ* ನೋಡುತ್ತಿರುತ್ತೇನೆ ಎಂಬ ಅರ್ಥದ ಉತ್ತರ ಕೊಡುತ್ತಾನೆ.

ಎರಡೂ ಕಥೆ ಮುಟ್ಟುವ ಊರು ಒಂದೇ, ದಾರಿ ಬೇರೆ. ಧಮ್ಮದ ದಾರಿಯಲ್ಲಿ ಸಾಕ್ಷಿ ನಮ್ಮ ಒಳಗೇ ಇದೆ. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸಮ್ಯಕ್ ಮಾತನ್ನು ವಿವರಿಸುವಾಗ ಇದನ್ನೇ ಒತ್ತಿ ಹೇಳಿದ್ದಾರೆ. ಸಮ್ಯಕ್ ಮಾತು ಭಯದಿಂದಲೋ ಯಾರದೋ ಕೃಪೆಯ ಆಸೆಯಿಂದಲೋ ಬಂದದ್ದಾಗಬಾರದು. ಮೇಲಿರುವವರು ಯಾರೋ ಏನೆಂದುಕೊಂಡಾರು ಎಂಬ ಲೆಕ್ಕವೂ ಅದರಲ್ಲಿ ಇರಬಾರದು.

ಗುಂಪಿನಲ್ಲಿ ಅಡ್ಮಿನ್ ಇದ್ದಾರೆ, ಹತ್ತು ಕಣ್ಣು ಇವೆ. ಅಲ್ಲಿ ಸಭ್ಯತೆ ಸುಲಭ. ಇನ್‌ಬಾಕ್ಸಿನಲ್ಲಿ ಅಡ್ಮಿನ್ ಇಲ್ಲ, ನಮ್ಮ ನಿಜ ಹೆಸರೂ ಇಲ್ಲ, ಮುಖವೂ ಇಲ್ಲ. ಅಲ್ಲಿ ನಾವು ಬರೆಯುವ ಮಾತೇ ನಮ್ಮ ಶೀಲದ ನಿಜವಾದ ಅಳತೆ.

🪷 *ಇಂದಿನ ಅಭ್ಯಾಸ*

ರಾಹುಲನಿಗೆ ಬುದ್ಧರು ಕೊಟ್ಟದ್ದು ಕನ್ನಡಿಯ ಉಪಮೆ. ಮುಖ ನೋಡಿಕೊಳ್ಳುವ ಹಾಗೆ ಮಾತನ್ನೂ ಮೂರು ಸಲ ನೋಡಿಕೊಳ್ಳಬೇಕು: ಆಡುವ ಮೊದಲು, ಆಡುವಾಗ, ಆಡಿದ ಮೇಲೆ. ಇವತ್ತು ಕಳಿಸುವ ಪ್ರತಿ ಖಾಸಗಿ ಮೆಸೇಜಿಗೂ ಹೀಗೆ ಮಾಡೋಣ.

✅ *ಕಳಿಸುವ ಮೊದಲು:* ಇದು ನಿಜವೇ? ಅವರಿಗೆ ಪ್ರಯೋಜನವೇ? ಇದು ಸಮಯವೇ? ಅವರು ಬಾಗಿಲು ತೆರೆದಿದ್ದಾರೆಯೇ?
✅ *ಬರೆಯುವಾಗ:* ಈಗ ಮಾತಾಡುತ್ತಿರುವುದು ಪಾತ್ರವೋ ನಾನೋ? ಅವರಿಗೆ ಅದು ಸ್ಪಷ್ಟವಾಗಿ ಗೊತ್ತಿದೆಯೇ?
✅ *ಕಳಿಸಿದ ಮೇಲೆ:* ಇದರಿಂದ ನನಗಾಗಲಿ ಅವರಿಗಾಗಲಿ ನೋವಾಯಿತೇ? ಆಗಿದ್ದರೆ ‘ಡಿಲೀಟ್ ಫಾರ್ ಎವರಿವನ್’ ಒತ್ತಿ ಸುಮ್ಮನಾಗುವುದು ಸಾಲದು. ತಪ್ಪನ್ನು ಒಪ್ಪಿ, ಮುಂದೆ ಮಾಡದಂತೆ ಸಂಯಮ ತಂದುಕೊಳ್ಳುವುದೇ ರಾಹುಲನಿಗೆ ಹೇಳಿದ ಕ್ರಮ.

*ಮನೆಯಲ್ಲಿ ಚರ್ಚೆಗೆ:* ಮಕ್ಕಳ ಜೊತೆ ಕೂತು ಅವರ ಗುಂಪಿನ ಕಥೆ ಏನು, ಅವರ ಪಾತ್ರ ಯಾವುದು ಎಂದು ಮೊದಲು ಕೇಳಿ. ಇನ್‌ಬಾಕ್ಸ್ ವಿಷಯ ಆಮೇಲೆ ಬರಲಿ. ಅವರ ಹತ್ತಿರವೂ ಓಕಾಸ ಕೇಳಿಯೇ ಮಾತು ಶುರುಮಾಡಿ. 🙂

ನಮ್ಮ ಮಾತಿನಿಂದ ಯಾರಿಗೂ ಭಯ ಹುಟ್ಟದಿರಲಿ. ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ಸಾಧು 🙏 ಸಾಧು 🙏 ಸಾಧು 🙏
*ನಮೋ ಬುದ್ಧಾಯ, ಜೈ ಭೀಮ್*

_(ಉಪಯುಕ್ತ ಅನ್ನಿಸಿದರೆ ಮಕ್ಕಳಿರುವ ಮನೆಗಳಿಗೆ ಕಳಿಸಿಕೊಡಿ. ನಾಳೆಯ ಚಿಂತನೆ: ಸಮ್ಫಪ್ಪಲಾಪ, ಅಂದರೆ ಹುರುಳಿಲ್ಲದ ಹರಟೆ.)_